ರಕ್ತದಿಂದ ಬಂದದ್ದೆಷ್ಟು, ರೂಢಿಯಿಂದ ಬಂದದ್ದೆಷ್ಟು?

ನಿಮ್ಮ ಅಜ್ಜಿ ಯಾವ ಕಾಯಿಲೆಯಿಂದ ತೀರಿಕೊಂಡರು? ತಾಯಿಯ ತಾಯಿಯ ವಿಷಯ ಗೊತ್ತಿರಬಹುದು, ತಂದೆಯ ತಾಯಿ? ಸೋದರತ್ತೆಯರಲ್ಲಿ ಯಾರಿಗಾದರೂ ಎದೆಯ ಆಪರೇಷನ್ ಆಗಿತ್ತೆ? ಆಗ ಅವರ ವಯಸ್ಸೆಷ್ಟು?

ಈ ಪ್ರಶ್ನೆಗಳಿಗೆ ಥಟ್ಟನೆ ಉತ್ತರ ಹೇಳಬಲ್ಲ ಗೃಹಿಣಿಯರು ನಮ್ಮಲ್ಲಿ ಬಹಳ ಕಡಿಮೆ. ಗೋತ್ರ, ನಕ್ಷತ್ರ, ರಾಶಿ ಎಲ್ಲವೂ ನಾಲಿಗೆಯ ತುದಿಯಲ್ಲೇ ಇರುತ್ತವೆ. ಕಾಯಿಲೆಯ ಮಾತು ಬಂದರೆ ಮಾತ್ರ "ಹೊಟ್ಟೇಲಿ ಏನೋ ಗೆಡ್ಡೆ ಆಗಿತ್ತಂತೆ", "ಏನೋ ಹೆಂಗಸರ ತೊಂದರೆಯಂತೆ" ಎಂಬಲ್ಲಿಗೆ ಕಥೆ ಮುಗಿದುಹೋಗುತ್ತದೆ. ಕ್ಯಾನ್ಸರ್ ಎಂದು ಬಾಯಿಬಿಟ್ಟು ಹೇಳಿದರೆ ಮನೆಯ ಹುಡುಗಿಗೆ ಗಂಡು ಸಿಗುವುದು ಕಷ್ಟವಾದೀತೆಂಬ ಭಯ. ಹೀಗೆ ಮುಚ್ಚಿಟ್ಟ ಮಾತು ಒಮ್ಮೊಮ್ಮೆ ಅದೇ ಹುಡುಗಿಯ ಜೀವಕ್ಕೆ ಎರವಾಗುತ್ತದೆ. ಹೇಗೆ ಎಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡೋಣ.

ಕ್ಯಾನ್ಸರ್ ಬಗ್ಗೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, "ನಮ್ಮ ವಂಶದಲ್ಲೇ ಯಾರಿಗೂ ಇಲ್ಲ ಕಣ್ರೀ, ನನಗ್ಯಾಕೆ ಬರುತ್ತೆ?" ಇನ್ನೊಂದು, "ಅಮ್ಮನಿಗೆ ಬಂದಿತ್ತು, ನನಗೂ ಬಂದೇ ಬರುತ್ತೆ. ಹಣೆಬರಹ ತಪ್ಪಿಸೋಕಾಗುತ್ತಾ?" ಮೊದಲನೆಯದು ಹುಸಿ ಧೈರ್ಯ, ಎರಡನೆಯದು ಹುಸಿ ಭಯ. ಎರಡರಿಂದಲೂ ಆಗುವ ಕೆಡುಕು ಒಂದೇ: ಇಬ್ಬರೂ ಡಾಕ್ಟರ ಬಳಿಗೆ ಹೋಗುವುದಿಲ್ಲ.

ಅಡುಗೆ ಪುಸ್ತಕದ ನಕಲು

ನಮ್ಮ ದೇಹದ ಪ್ರತಿಯೊಂದು ಜೀವಕೋಶದೊಳಗೂ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲೂ ಒಂದು ತಾಯಿ ಕೊಟ್ಟದ್ದು, ಇನ್ನೊಂದು ತಂದೆ ಕೊಟ್ಟದ್ದು. ಅವುಗಳಲ್ಲಿ ಸುಮಾರು 20,000 ವಂಶವಾಹಿಗಳು ಅಡಗಿವೆ. ಇವನ್ನು ಒಂದು ದೊಡ್ಡ ಅಡುಗೆ ಪುಸ್ತಕವೆಂದುಕೊಳ್ಳಿ. ದೇಹ ಬೆಳೆಯಬೇಕಾದರೆ, ಸವೆದದ್ದು ತುಂಬಬೇಕಾದರೆ ಹೊಸ ಜೀವಕೋಶಗಳು ಹುಟ್ಟಬೇಕು. ಪ್ರತಿ ಸಲವೂ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ನಕಲು ಮಾಡಬೇಕು.

ಅತ್ತೆಯ ಪುಸ್ತಕದಿಂದ ಸೊಸೆ, ಸೊಸೆಯ ಪುಸ್ತಕದಿಂದ ಅವಳ ಮಗಳು ಬರೆದುಕೊಳ್ಳುವಾಗ ಅಲ್ಲಲ್ಲಿ ಅಕ್ಷರ ಬದಲಾಗುವುದುಂಟು ತಾನೆ? "ಒಂದು ಚಿಟಿಕೆ ಇಂಗು" ಎಂಬುದು "ಚೂರು ಇಂಗು" ಆದರೆ ಸಾರಿನ ರುಚಿಯೇನೂ ಕೆಡುವುದಿಲ್ಲ. ಮನುಷ್ಯರ ವಂಶವಾಹಿಗಳಲ್ಲಿ ಒಬ್ಬರಿಂದೊಬ್ಬರಿಗೆ ಇರುವ ವ್ಯತ್ಯಾಸಗಳಲ್ಲಿ ಹೆಚ್ಚಿನವು ಇಂಥವೇ. ಆದರೆ "ಒಂದು ಚಮಚ ಉಪ್ಪು" ಎಂಬುದು "ಒಂದು ಬಟ್ಟಲು ಉಪ್ಪು" ಆದರೆ? ಅಡುಗೆಯೇ ಕೆಟ್ಟಿತು. "ಇಲ್ಲಿಗೆ ಒಲೆ ಆರಿಸಿ" ಎಂಬ ಸಾಲೇ ಬಿಟ್ಟುಹೋದರೆ ಇನ್ನೂ ಅಪಾಯ. ಬೆಳೆಯುವುದನ್ನು ನಿಲ್ಲಿಸು ಎಂಬ ಸಾಲು ಕಳೆದುಕೊಂಡ ಜೀವಕೋಶ ಬೆಳೆಯುತ್ತಲೇ ಹೋಗುತ್ತದೆ. ಅದೇ ಕ್ಯಾನ್ಸರ್.

ಈ ತಪ್ಪುಗಳಲ್ಲಿ ಬಹುಪಾಲು ನಾವು ಹುಟ್ಟಿದ ಮೇಲೆ ಆಗುವಂಥವು. ವಯಸ್ಸಾದಂತೆ, ಹೊಗೆಸೊಪ್ಪು, ಮದ್ಯ, ಬಿಸಿಲು, ಕೆಲವು ವೈರಸ್‌ಗಳ ಕಾಟದಿಂದ ಒಂದೊಂದಾಗಿ ಸೇರಿಕೊಳ್ಳುತ್ತವೆ. ತಂದೆತಾಯಿಯಿಂದ ಬಂದ ಒಂದೇ ಒಂದು ಬಲವಾದ ದೋಷದಿಂದ ಉಂಟಾಗುವ ಕ್ಯಾನ್ಸರ್ 100ರಲ್ಲಿ 5ರಿಂದ 10 ಮಾತ್ರ. ಅಂದರೆ "ವಂಶದಲ್ಲಿ ಇಲ್ಲ" ಎಂಬ ಧೈರ್ಯಕ್ಕೆ ಅರ್ಥವಿಲ್ಲ. ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರು ಇಂಥ ಯಾವ ದೋಷವನ್ನೂ ಹೊತ್ತು ಹುಟ್ಟಿದವರಲ್ಲ.

ತಪ್ಪು ತಿದ್ದುವ ವಂಶವಾಹಿಯೇ ಕೆಟ್ಟರೆ

ನಕಲಿನಲ್ಲಾದ ತಪ್ಪನ್ನು ತಿದ್ದಲು ದೇಹದಲ್ಲೇ ಏರ್ಪಾಡಿದೆ. ಆ ಕೆಲಸ ಮಾಡುವವುಗಳಲ್ಲಿ ಬಿಆರ್‌ಸಿಎ-1, ಬಿಆರ್‌ಸಿಎ-2 ಎಂಬ ಎರಡು ವಂಶವಾಹಿಗಳು ಮುಖ್ಯ. ಮೊದಲನೆಯದು 17ನೇ ವರ್ಣತಂತುವಿನಲ್ಲಿದೆ ಎಂದು ಅಮೆರಿಕದ ಮಹಿಳಾ ವಿಜ್ಞಾನಿ ಮೇರಿ ಕ್ಲೇರ್ ಕಿಂಗ್ 1990ರಲ್ಲಿ ತೋರಿಸಿಕೊಟ್ಟರು. ಒಂದೇ ಮನೆತನದಲ್ಲಿ ತಾಯಿ, ಮಗಳು, ಚಿಕ್ಕಮ್ಮ ಹೀಗೆ ಸಾಲಾಗಿ ಸ್ತನದ ಕ್ಯಾನ್ಸರ್ ಏಕೆ ಬರುತ್ತದೆ ಎಂಬುದಕ್ಕೆ ಆಗ ಒಂದು ಉತ್ತರ ಸಿಕ್ಕಿತು.

ಪ್ರತಿ ವಂಶವಾಹಿಗೂ ಎರಡು ಪ್ರತಿ ಇರುತ್ತವೆಯಷ್ಟೆ. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಯಾವುದಾದರೊಂದು ಜೀವಕೋಶದಲ್ಲಿ ಎರಡನೆಯದೂ ಕೆಟ್ಟಾಗ ಅಪಾಯ ಶುರುವಾಗುತ್ತದೆ. ಇಂಥವರಿಗೆ ಚಿಕ್ಕ ವಯಸ್ಸಿನಲ್ಲೇ ರೋಗ ಬರಲು ಇದೇ ಕಾರಣ. ಉಳಿದವರಲ್ಲಿ ಎರಡು ಪೆಟ್ಟು ಬೀಳಬೇಕು, ಇವರಲ್ಲಿ ಒಂದು ಪೆಟ್ಟು ಹುಟ್ಟುವಾಗಲೇ ಬಿದ್ದಿರುತ್ತದೆ.

2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಬಿಆರ್‌ಸಿಎ-1ರ ದೋಷವಿರುವ 100 ಹೆಂಗಸರಲ್ಲಿ 80 ವರ್ಷ ತುಂಬುವಷ್ಟರಲ್ಲಿ ಸುಮಾರು 72 ಮಂದಿಗೆ ಸ್ತನದ ಕ್ಯಾನ್ಸರ್, ಸುಮಾರು 44 ಮಂದಿಗೆ ಅಂಡಾಶಯದ ಕ್ಯಾನ್ಸರ್ ಬರುವ ಸಂಭವವಿದೆ. ಬಿಆರ್‌ಸಿಎ-2ರಲ್ಲಿ ಈ ಸಂಖ್ಯೆ 69 ಮತ್ತು 17. ಹಾಲಿವುಡ್ ನಟಿ ಆಂಜಲಿನಾ ಜೋಲಿ 2013ರಲ್ಲಿ ಎರಡೂ ಸ್ತನಗಳನ್ನು ಮುಂಜಾಗ್ರತೆಯಾಗಿ ತೆಗೆಸಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. ಆಕೆಗಿದ್ದದ್ದು ಬಿಆರ್‌ಸಿಎ-1ರ ದೋಷ. ಆಕೆಯ ತಾಯಿ 56ನೇ ವಯಸ್ಸಿನಲ್ಲಿ ಕ್ಯಾನ್ಸರಿಗೆ ಬಲಿಯಾಗಿದ್ದರು.

ಇಷ್ಟು ಹೇಳಿದ ಮೇಲೂ ಗಮನಿಸಿ: 72 ಎಂದರೆ 100 ಅಲ್ಲ. ಅಂಥ ದೋಷವಿದ್ದೂ ರೋಗ ಬಾರದೆ ಮುಪ್ಪು ಕಂಡವರಿದ್ದಾರೆ.

ಅಪ್ಪನ ಕಡೆಯನ್ನೂ ಕೇಳಿ

ಸ್ತನದ ಕ್ಯಾನ್ಸರ್ ಎಂದರೆ ಎಲ್ಲರೂ ತಾಯಿಯ ಕಡೆಯನ್ನಷ್ಟೇ ಕೇಳುತ್ತಾರೆ. ಇದು ತಪ್ಪು. ಬಿಆರ್‌ಸಿಎ ದೋಷ ತಂದೆಯಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ. ತಂದೆಗೆ ದೋಷವಿದ್ದರೆ ಮಗನಿಗಾಗಲಿ ಮಗಳಿಗಾಗಲಿ ಅದು ಇಳಿದುಬರುವ ಸಂಭವ ಅರ್ಧಕ್ಕರ್ಧ. ತಂದೆಗೆ ಏನೂ ಆಗದೆ ಗಟ್ಟಿಮುಟ್ಟಾಗಿರಬಹುದು, ಅವರ ಅಕ್ಕತಂಗಿಯರಲ್ಲಿ ರೋಗ ಕಾಣಿಸಿಕೊಂಡಿರಬಹುದು. ಆದ್ದರಿಂದ ಸೋದರತ್ತೆಯರ ವಿಷಯ ತಿಳಿಯಬೇಕಾದದ್ದು ಬಹಳ ಮುಖ್ಯ. ಮದುವೆಯಾಗಿ ಬೇರೆ ಊರಿಗೆ ಹೋದ ಅತ್ತೆಯ ಕಾಯಿಲೆಯ ವಿಷಯ ತವರಿನಲ್ಲಿ ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ವಂಶವಾಹಿ ಅದೇ, ಕಾಲ ಬೇರೆ

ಹಾಗಾದರೆ ದೋಷ ಹೊತ್ತು ಹುಟ್ಟಿದವರು ಕೈಕಟ್ಟಿ ಕೂರಬೇಕೆ? ಇಲ್ಲ. ಮೇರಿ ಕ್ಲೇರ್ ಕಿಂಗ್ ಮತ್ತು ಅವರ ಸಂಗಡಿಗರು ನ್ಯೂಯಾರ್ಕಿನ ಯಹೂದಿ ಮಹಿಳೆಯರಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಬಿಆರ್‌ಸಿಎ ದೋಷವಿದ್ದ ಹೆಂಗಸರಲ್ಲಿ 1940ಕ್ಕಿಂತ ಮೊದಲು ಹುಟ್ಟಿದವರಿಗೆ 50 ವರ್ಷದೊಳಗೆ ಸ್ತನದ ಕ್ಯಾನ್ಸರ್ ಬರುವ ಸಂಭವ ಶೇಕಡ 24. ಆಮೇಲೆ ಹುಟ್ಟಿದವರಿಗೆ ಶೇಕಡ 67. ದೋಷ ಅದೇ, ಮನೆತನಗಳೂ ಅವೇ. ಬದಲಾದದ್ದು ಬದುಕುವ ರೀತಿ. ಹರೆಯದಲ್ಲಿ ಮೈಬಗ್ಗಿಸಿ ಓಡಾಡಿದವರಲ್ಲಿ, ಬೊಜ್ಜು ಬೆಳೆಸಿಕೊಳ್ಳದವರಲ್ಲಿ ರೋಗ ತಡವಾಗಿ ಬಂದಿತ್ತು ಎಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು.

ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ 44,788 ಅವಳಿ ಜೋಡಿಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ವರದಿಯೂ ಇದಕ್ಕೆ ಪೂರಕವಾಗಿದೆ. ಸ್ತನದ ಕ್ಯಾನ್ಸರಿನಲ್ಲಿ ವಂಶದ ಪಾಲು ಶೇಕಡ 27ರಷ್ಟು, ದೊಡ್ಡ ಕರುಳಿನದರಲ್ಲಿ ಶೇಕಡ 35ರಷ್ಟು ಎಂದು ಅವರು ಅಂದಾಜು ಮಾಡಿದರು. ಮಿಕ್ಕದ್ದು ಪರಿಸರ ಮತ್ತು ಬದುಕಿನ ಪಾಲು.

ನಮ್ಮ ಊರಿನ ಸಾಕ್ಷಿಯೇ ಬೇಕೆ? ಹೊಸೂರು ರಸ್ತೆಯಲ್ಲಿ, ನಿಮ್ಹಾನ್ಸ್ ಸಮೀಪ, 1973ರಲ್ಲಿ ಪ್ರಾರಂಭವಾದ ಕಿದ್ವಾಯಿ ಸಂಸ್ಥೆ ಇದೆಯಲ್ಲ, ಬೆಂಗಳೂರು ನಗರದ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು 1982ರಿಂದ ಅಲ್ಲಿ ಇಡಲಾಗುತ್ತಿದೆ. ಲೆಕ್ಕ ಶುರುವಾದಾಗ ನಗರದ ಹೆಂಗಸರಲ್ಲಿ ಮೊದಲ ಸ್ಥಾನ ಗರ್ಭಕೊರಳಿನ ಕ್ಯಾನ್ಸರಿಗಿತ್ತು. ಈಗ ಆ ಸ್ಥಾನಕ್ಕೆ ಸ್ತನದ ಕ್ಯಾನ್ಸರ್ ಬಂದಿದೆ. ನಲವತ್ತು ವರ್ಷಗಳಲ್ಲಿ ಒಂದು ಊರಿನ ಹೆಂಗಸರ ವಂಶವಾಹಿಗಳು ಬದಲಾಗುವುದು ಸಾಧ್ಯವಿಲ್ಲ. ಬದಲಾದದ್ದು ಮದುವೆಯ ವಯಸ್ಸು, ಹೆರುವ ಮಕ್ಕಳ ಸಂಖ್ಯೆ, ಹಾಲೂಡಿಸುವ ಕಾಲ, ಊಟ, ನಡಿಗೆ.

ಜಯನಗರ, ಬನಶಂಕರಿಯ ಹಳೆಯ ಮನೆಗಳಲ್ಲಿ ಇದ್ದ ನಿಮ್ಮ ಅತ್ತೆಯವರ ದಿನಚರಿ ನೆನೆಸಿಕೊಳ್ಳಿ. ಒರಳಲ್ಲಿ ರುಬ್ಬುವುದು, ಬಾವಿಯಿಂದಲೋ ನಲ್ಲಿಯಿಂದಲೋ ನೀರು ಹೊರುವುದು, ಗಾಂಧಿ ಬಜಾರಿಗೆ ಚೀಲ ಹಿಡಿದು ನಡೆದೇ ಹೋಗಿಬರುವುದು. ಈಗ ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿದೆ, ಮಿಕ್ಸಿಯಿದೆ, ಮೊಬೈಲ್ ಒತ್ತಿದರೆ ಕೊತ್ತಂಬರಿ ಸೊಪ್ಪೂ ಬಾಗಿಲಿಗೆ ಬರುತ್ತದೆ. ಬಿ.ಟಿ.ಎಂ. ಬಡಾವಣೆಯ ನಮ್ಮ ಹೆಣ್ಣುಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತರೆ ಹತ್ತು ಗಂಟೆ ಏಳುವುದಿಲ್ಲ. ಹಳೆಯ ಕಷ್ಟ ಮತ್ತೆ ಬರಲಿ ಎಂದು ಯಾರೂ ಹೇಳುವುದಿಲ್ಲ. ಆದರೆ ಆ ಕಷ್ಟದ ಜೊತೆಗೆ ಮೈಗೆ ಸಿಗುತ್ತಿದ್ದ ದುಡಿಮೆಯೂ ಹೋಯಿತು. ಅದನ್ನು ಬೇರೆ ದಾರಿಯಿಂದ ತಂದುಕೊಳ್ಳಬೇಕು.

ಎಲೆ ಅಡಿಕೆಯ ಲೆಕ್ಕ

ಬೆಂಗಳೂರಿನ ಹೆಂಗಸರ ಮಟ್ಟಿಗೆ ಇನ್ನೊಂದು ನಾಚಿಕೆಯ ಸಂಗತಿಯಿದೆ. ಬಾಯಿಯ ಕ್ಯಾನ್ಸರ್ ಎಂದರೆ ಗಂಡಸರ ರೋಗವೆಂದು ನಾವು ತಿಳಿಯುತ್ತೇವೆ. ಆದರೆ ಇಲ್ಲಿ ಲೆಕ್ಕ ಇಡತೊಡಗಿದಾಗ, ಬಾಯಿಯ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚಾಗಿ ಕಂಡುಬಂತು. ಕಾರಣ ಹುಡುಕಲು ಇದೇ ದಾಖಲೆಯ 348 ಬಾಯಿ ಕ್ಯಾನ್ಸರ್ ರೋಗಿಗಳನ್ನು ಅಷ್ಟೇ ಸಂಖ್ಯೆಯ ಇತರರೊಂದಿಗೆ ಹೋಲಿಸಿ ನೋಡಿದ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಹೊಗೆಸೊಪ್ಪು ಸೇರಿಸಿ ಎಲೆ ಅಡಿಕೆ ಹಾಕುವ ಹೆಂಗಸರಿಗೆ, ಹಾಕದವರಿಗಿಂತ ಸುಮಾರು 25 ಪಟ್ಟು ಅಪಾಯ! ಎಷ್ಟು ವರ್ಷದಿಂದ, ದಿನಕ್ಕೆಷ್ಟು ಸಲ, ಎಷ್ಟು ಹೊತ್ತು ಬಾಯಲ್ಲಿಟ್ಟುಕೊಳ್ಳುತ್ತಾರೆ ಎಂಬುದರ ಮೇಲೆ ಅಪಾಯವೂ ಏರುತ್ತಿತ್ತು.

"ನಾನು ಹೊಗೆಸೊಪ್ಪು ಹಾಕಲ್ಲ, ಬರೀ ಎಲೆ ಅಡಿಕೆ" ಎನ್ನುತ್ತೀರಾ? ಬರಿಯ ಅಡಿಕೆಯೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಸಾರಿತು. ಅರಿಶಿನ ಕುಂಕುಮಕ್ಕೆ ಕರೆದು ತಾಂಬೂಲ ಕೊಡುವ ಸಂಪ್ರದಾಯ ಬಿಡಬೇಕಾಗಿಲ್ಲ. ತಟ್ಟೆಯಲ್ಲಿಟ್ಟು ಕೊಡುವುದಕ್ಕೂ ಊಟವಾದ ಮೇಲೆ ದಿನಕ್ಕೆ ಹತ್ತು ಸಲ ದವಡೆಯಲ್ಲಿ ಒತ್ತಿಟ್ಟುಕೊಳ್ಳುವುದಕ್ಕೂ ವ್ಯತ್ಯಾಸವಿದೆ.

ಇಲ್ಲೂ ವಂಶವಾಹಿಯ ಪಾತ್ರ ಇಲ್ಲದಿಲ್ಲ. ಹೊಗೆಸೊಪ್ಪಿನ ವಿಷವನ್ನು ಹೊರಹಾಕಲು ನೆರವಾಗುವ ಒಂದು ವಂಶವಾಹಿ ಕೆಲವರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. "ನಮ್ಮಜ್ಜಿ ತೊಂಬತ್ತು ವರ್ಷ ಹೊಗೆಸೊಪ್ಪು ಹಾಕ್ತಿದ್ದರು, ಏನೂ ಆಗಲಿಲ್ಲ" ಎಂಬ ಮಾತಿನ ಗುಟ್ಟು ಸ್ವಲ್ಪ ಇದರಲ್ಲೂ ಇರಬಹುದು, ಸ್ವಲ್ಪ ಅದೃಷ್ಟದಲ್ಲೂ ಇರಬಹುದು. ಅಜ್ಜಿಯ ಆ ಅದೃಷ್ಟ ನಿಮ್ಮ ಪಾಲಿಗೆ ಬಂದಿದೆಯೆಂದು ಯಾರು ಹೇಳಬಲ್ಲರು?

ನಮ್ಮ ಕೈಯಲ್ಲಿ ಇರುವುದು

ಮೊದಲು ನಡಿಗೆ. ವಾರಕ್ಕೆ 150 ನಿಮಿಷ, ಎಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ, ಸ್ವಲ್ಪ ಏದುಸಿರು ಬರುವಷ್ಟು ಬಿರುಸಾಗಿ ನಡೆಯಿರಿ. ಲಾಲ್‌ಬಾಗ್ ಹತ್ತಿರವಿದ್ದರೆ ಅಲ್ಲಿ, ಇಲ್ಲವಾದರೆ ನಿಮ್ಮ ಬಡಾವಣೆಯ ಪಾರ್ಕಿನಲ್ಲಿ. 4ನೇ ಬ್ಲಾಕಿನ ತರಕಾರಿ ಅಂಗಡಿಗೆ ಸ್ಕೂಟರ್ ಬಿಟ್ಟು ನಡೆದು ಹೋದರೂ ಆಯಿತು. ಮುಟ್ಟು ನಿಂತ ಮೇಲೆ ಏರುವ ಬೊಜ್ಜು ಸ್ತನದ ಮತ್ತು ಗರ್ಭಕೋಶದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತದೆ.

ಮಗುವಿಗೆ ಹಾಲೂಡಿಸುವುದು ತಾಯಿಗೂ ರಕ್ಷೆ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಹೇಳಿದಂತೆ, ಹಾಲೂಡಿಸಿದ ಪ್ರತಿ 12 ತಿಂಗಳಿಗೂ ಸ್ತನದ ಕ್ಯಾನ್ಸರಿನ ಅಪಾಯ ಶೇಕಡ 4ರಷ್ಟು ತಗ್ಗುತ್ತದೆ. ಸೊಸೆಗೆ ಕೆಲಸಕ್ಕೆ ಹೋಗುವ ಅವಸರವಿದ್ದರೆ ಮನೆಯವರು ಆಕೆಗೆ ಅನುಕೂಲ ಮಾಡಿಕೊಡಬೇಕು.

ಮದ್ಯದ ವಿಷಯದಲ್ಲಿ "ಸ್ವಲ್ಪ ವೈನ್ ಆರೋಗ್ಯಕ್ಕೆ ಒಳ್ಳೇದಂತೆ" ಎಂಬ ಮಾತನ್ನು ನಂಬಬೇಡಿ. ಕೊಂಚ ಕುಡಿತವೂ ಸ್ತನದ ಕ್ಯಾನ್ಸರಿನ ಅಪಾಯವನ್ನು ಏರಿಸುತ್ತದೆ. ಮನೆಯವರು ಸಿಗರೇಟು ಸೇದುತ್ತಿದ್ದರೆ ಆ ಹೊಗೆ ನಿಮಗೂ, ಮಕ್ಕಳಿಗೂ ವಿಷವೇ. ಕೇಳಿಕೊಳ್ಳಿ, ಗದರಿಸಿ, ಹೇಗಾದರೂ ಬಿಡಿಸಿ.

ಅಡುಗೆಮನೆಯಲ್ಲಿ ಸೊಪ್ಪು, ಕಾಳು, ಕೋಸಂಬರಿ, ಹಣ್ಣು ಹೆಚ್ಚಲಿ. ನಾರಿನಂಶವಿರುವ ಊಟ ದೊಡ್ಡ ಕರುಳನ್ನು ಕಾಪಾಡುತ್ತದೆ. ಬಸವನಗುಡಿಯ ಪರಿಷೆಯಿಂದ ಸೇರುಗಟ್ಟಲೆ ಕಡಲೆಕಾಯಿ ತಂದು ಮೂಟೆಯಲ್ಲೇ ಮರೆಯಬೇಡಿ. ಬೂಷ್ಟು ಹಿಡಿದ ಕಡಲೆಕಾಯಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಕ್ಯಾನ್ಸರ್ ತರಬಲ್ಲದು. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. "ಅಯ್ಯೋ, ದುಡ್ಡು ಕೊಟ್ಟು ತಂದದ್ದು" ಎಂದು ಚಟ್ನಿಪುಡಿಗೆ ಹಾಕದೆ ಎಸೆದುಬಿಡಿ.

ಗರ್ಭಕೊರಳಿನ ಕ್ಯಾನ್ಸರಿನ ಕಥೆಯೇ ಬೇರೆ. ಇದಕ್ಕೆ ಮೂಲ ಎಚ್‌ಪಿವಿ ಎಂಬ ವೈರಸ್. ಇದನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸಿದರೆ ಬಹಳಮಟ್ಟಿಗೆ ತಡೆಯಬಹುದು. ನಮ್ಮ ದೇಶದಲ್ಲೇ ತಯಾರಾದ ಲಸಿಕೆ 2023ರಲ್ಲಿ ಬಿಡುಗಡೆಯಾಯಿತು. 30 ದಾಟಿದ ಹೆಂಗಸರು ಪ್ಯಾಪ್ ಪರೀಕ್ಷೆಯನ್ನೋ ಎಚ್‌ಪಿವಿ ಪರೀಕ್ಷೆಯನ್ನೋ ಮಾಡಿಸಿಕೊಳ್ಳಬೇಕು. ಐದು ನಿಮಿಷದ ಕೆಲಸ, ಸಂಕೋಚ ಬೇಡ.

ರಕ್ತಪರೀಕ್ಷೆ ಯಾರಿಗೆ?

ವಂಶವಾಹಿಯ ಪರೀಕ್ಷೆ ಎಲ್ಲರಿಗೂ ಬೇಕಾಗಿಲ್ಲ. ಕೆಳಗಿನ ಯಾವುದಾದರೊಂದು ನಿಮ್ಮ ಮನೆತನದಲ್ಲಿದ್ದರೆ ಡಾಕ್ಟರನ್ನು ಕೇಳಿ:

• 50 ವರ್ಷದೊಳಗೇ ಯಾರಿಗಾದರೂ ಸ್ತನದ ಕ್ಯಾನ್ಸರ್ ಬಂದಿದ್ದರೆ.
• ಒಬ್ಬರಿಗೇ ಎರಡೂ ಸ್ತನಗಳಲ್ಲಿ ಬಂದಿದ್ದರೆ.
• ಯಾರಿಗಾದರೂ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ.
• ಗಂಡಸರಿಗೆ ಸ್ತನದ ಕ್ಯಾನ್ಸರ್ ಬಂದಿದ್ದರೆ. ಅಪರೂಪ, ಆದರೆ ಉಂಟು.
• ತಂದೆಯ ಅಥವಾ ತಾಯಿಯ ಒಂದೇ ಕಡೆಯಲ್ಲಿ ಇಬ್ಬರು ಮೂವರಿಗೆ ಸ್ತನ, ಅಂಡಾಶಯ, ಇಲ್ಲವೆ ದೊಡ್ಡ ಕರುಳು ಮತ್ತು ಗರ್ಭಕೋಶದ ಕ್ಯಾನ್ಸರ್ ಆಗಿದ್ದರೆ.

ಸಾಧ್ಯವಾದರೆ ರೋಗ ಬಂದವರನ್ನೇ ಮೊದಲು ಪರೀಕ್ಷಿಸಬೇಕು. ಅವರಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಹುಡುಕುವುದು ಸುಲಭ. ಕೆಲವೊಮ್ಮೆ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ ಎಂಬಂತೆ ಬರುವುದುಂಟು. ಆದ್ದರಿಂದ ಪರೀಕ್ಷೆಗೆ ಮುಂಚೆ ಮತ್ತು ಆಮೇಲೆ ತಿಳಿದವರ ಸಲಹೆ ಬೇಕೇ ಬೇಕು. ದೋಷವಿದೆಯೆಂದು ಗೊತ್ತಾದರೆ ಎಳೆವಯಸ್ಸಿನಿಂದಲೇ ಸ್ಕ್ಯಾನಿಂಗ್, ಕೆಲವರಿಗೆ ಮಾತ್ರೆ, ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವುದು ಹೀಗೆ ಹಲವು ದಾರಿಗಳಿವೆ. ಯಾವುದು ತಕ್ಕದ್ದೆಂದು ವೈದ್ಯರೊಡನೆ ಕೂತು ನಿರ್ಧರಿಸಬೇಕು.

ನೀವು ಕೇಳಬಹುದಾದ ಪ್ರಶ್ನೆಗಳು

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದರೆ ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆಯೆ?

ಬಿಆರ್‌ಸಿಎಯಂಥ ದೋಷಕ್ಕೆ ತಂದೆತಾಯಿ ಇಬ್ಬರಲ್ಲೂ ಇರಬೇಕೆಂದಿಲ್ಲ, ಒಬ್ಬರಲ್ಲಿದ್ದರೆ ಸಾಕು. ಆದ್ದರಿಂದ ಅದಕ್ಕೆ ಸೋದರಿಕೆಯ ಮದುವೆಯನ್ನು ದೂರಲಾಗದು. ಆದರೆ ಇಬ್ಬರಿಂದಲೂ ಬಂದಾಗಲೇ ತಲೆಯೆತ್ತುವ ಕೆಲವು ಅಪರೂಪದ ಕಾಯಿಲೆಗಳಿವೆ. ಫ್ಯಾಂಕೋನಿ ರಕ್ತಹೀನತೆ ಅವುಗಳಲ್ಲೊಂದು. ಇದರಿಂದ ರಕ್ತದ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇಂಥವು ಹೆಚ್ಚಾಗಿ ಕಾಣಿಸುತ್ತವೆ.

ಕ್ಯಾನ್ಸರ್ ಇರುವವರ ತಟ್ಟೆ ಲೋಟ ಬೇರೆ ಇಡಬೇಕೆ?

ಖಂಡಿತ ಬೇಡ. ಕ್ಯಾನ್ಸರ್ ಅಂಟುರೋಗವಲ್ಲ. ರೋಗಿಯನ್ನು ದೂರವಿಡುವುದರಿಂದ ಅವರ ಮನಸ್ಸು ಮುರಿಯುತ್ತದೆ, ಬೇರೇನೂ ಆಗದು.

ಪರೀಕ್ಷೆಯಲ್ಲಿ ದೋಷವಿಲ್ಲ ಎಂದು ಬಂದರೆ ನಿಶ್ಚಿಂತೆಯಿಂದ ಇರಬಹುದೆ?

ಎಲ್ಲ ಹೆಂಗಸರಿಗೂ ಇರುವಷ್ಟು ಅಪಾಯ ನಿಮಗೂ ಇದ್ದೇ ಇರುತ್ತದೆ. ತಪಾಸಣೆ ತಪ್ಪಿಸಬಾರದು.

ನನಗೀಗ 55 ವರ್ಷ. ಈಗ ಹೊಗೆಸೊಪ್ಪು ಬಿಟ್ಟು ಏನು ಪ್ರಯೋಜನ?

ಯಾವ ವಯಸ್ಸಿನಲ್ಲಿ ಬಿಟ್ಟರೂ ಪ್ರಯೋಜನವಿದೆ. ಬಿಟ್ಟ ಮೇಲೆ ವರ್ಷ ಕಳೆದಂತೆ ಅಪಾಯ ತಗ್ಗುತ್ತ ಹೋಗುತ್ತದೆ.

ಎಚ್ಚರಿಕೆಯ ಚಿಹ್ನೆಗಳು

ಸ್ತನದಲ್ಲಿ ನೋವಿಲ್ಲದ ಗಂಟು, ತೊಟ್ಟಿನಿಂದ ರಕ್ತ, ಚರ್ಮ ಒಳಕ್ಕೆ ಎಳೆದುಕೊಂಡಂತಾಗುವುದು. ಮುಟ್ಟು ನಿಂತ ಮೇಲೆ ಅಥವಾ ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣಿಸುವುದು. ಬಾಯಲ್ಲಿ ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು. ವಾರಗಟ್ಟಲೆ ಬಿಡದ ಹೊಟ್ಟೆಯುಬ್ಬರ. ಇವುಗಳಲ್ಲಿ ಯಾವುದು ಕಂಡರೂ "ಹಬ್ಬ ಕಳೀಲಿ", "ಮಗಳ ಪರೀಕ್ಷೆ ಮುಗೀಲಿ" ಎಂದು ಮುಂದೂಡಬೇಡಿ. ಎಲ್ಲ ಗಂಟೂ ಕ್ಯಾನ್ಸರಲ್ಲ, ಹೆಚ್ಚಿನವು ಅಲ್ಲವೇ ಅಲ್ಲ. ಆದರೆ ಹಾಗೆಂದು ಹೇಳಬೇಕಾದವರು ಡಾಕ್ಟರು.

ಕೊನೆಯದಾಗಿ ಒಂದು ಕೆಲಸ. ಮುಂದಿನ ಸಲ ತವರಿಗೆ ಹೋದಾಗ ಒಂದು ನೋಟ್ ಪುಸ್ತಕ ಒಯ್ಯಿರಿ. ತಾಯಿ, ತಂದೆ, ಅವರ ಅಣ್ಣತಮ್ಮ ಅಕ್ಕತಂಗಿಯರು, ಇಬ್ಬರು ಅಜ್ಜಿಯರು, ಇಬ್ಬರು ತಾತಂದಿರು, ಇಷ್ಟು ಜನರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಯಾವ ಕಾಯಿಲೆ, ಯಾವ ವಯಸ್ಸಿನಲ್ಲಿ, ಯಾವ ಆಸ್ಪತ್ರೆ ಎಂದು ಗೊತ್ತಿದ್ದಷ್ಟು ಬರೆದುಕೊಳ್ಳಿ. ದೊಡ್ಡವರು ಮೊದಲು "ಅದೆಲ್ಲ ಈಗ್ಯಾಕೆ?" ಎನ್ನುತ್ತಾರೆ. ನಿಧಾನವಾಗಿ ಕೇಳಿದರೆ ಹೇಳುತ್ತಾರೆ. ಗಂಡಿನ ಕಡೆಯವರಿಗೆ ಹೇಳುವುದು ಬಿಡುವುದು ನಿಮ್ಮ ಮನೆಯ ವಿಚಾರ. ಆದರೆ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಂದ ಮುಚ್ಚಿಡಬೇಡಿ. ಒಡವೆ ಯಾರಿಗೆ, ಪಾತ್ರೆ ಯಾರಿಗೆ ಎಂದು ಹಂಚುವ ತಾಯಂದಿರು ಈ ಒಂದು ಹಾಳೆಯನ್ನೂ ಮಗಳ ಕೈಗಿಡಲಿ. ಸಮಯಕ್ಕೆ ಸರಿಯಾಗಿ ಡಾಕ್ಟರ ಮುಂದೆ ಆ ಹಾಳೆ ಬಿಚ್ಚಿದ ಮಗಳು ತನ್ನ ಮೊಮ್ಮಕ್ಕಳ ಮದುವೆಯನ್ನೂ ನಿಂತು ಮಾಡಿಸಬಹುದು.